ನಾಡಾಭಿಮಾನ ಮತ್ತು ಶಾಸನಗಳ ಪೂರ್ಣಪಾಠ

ನವೆಂಬರ್ ತಿಂಗಳು ಬಂದಿತೆಂದರೆ ಕನ್ನಡ ನಾಡಿನ ಊರೂರಿನಲ್ಲಿಯೂ ವೇದಿಕೆಗಳು ಏಳುತ್ತವೆ. ಅಲ್ಲಿ ನಡೆಯುವ ಭಾಷಣಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದ ನಾಡು ನಮ್ಮದು ಎಂಬುದು ಒಂದು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಗೌರವಿಸಿದ ನಾಡು ನಮ್ಮದು ಎಂಬುದು ಇನ್ನೊಂದು. ಎರಡಕ್ಕೂ ಆಧಾರವಾದುದು ಒಂದೇ ಗ್ರಂಥ, ಕವಿರಾಜಮಾರ್ಗ. ಮೊದಲನೆಯ ಮಾತು ನಾಡಿನ ವಿಸ್ತಾರವನ್ನು ಹೇಳುತ್ತದೆ, ಎರಡನೆಯದು ಅದರ ಔದಾರ್ಯವನ್ನು. ಇವೆರಡೂ ಒಟ್ಟಿಗೆ ಹೇಗೆ ಇರಬಲ್ಲವು, ಇದ್ದ ಕಾಲದಲ್ಲಿ ಅದಕ್ಕೆ ಯಾರು ಯಾವ ಬೆಲೆ ತೆತ್ತರು ಎಂಬ ಪ್ರಶ್ನೆಯನ್ನು ಮಾತ್ರ ವೇದಿಕೆಯ ಮೇಲೆ ಯಾರೂ ಎತ್ತುವುದಿಲ್ಲ. ಉತ್ಸವದ ಹೊತ್ತಿನಲ್ಲಿ ಎತ್ತಬೇಕೆಂದು ನಾವೂ ಹೇಳಲಾರೆವು. ಆದರೆ ಸಾಹಿತ್ಯ ಮತ್ತು ಶಾಸನಗಳ ಅಭ್ಯಾಸವನ್ನೇ ಕೈಗೊಂಡವರು ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ನಮ್ಮ ಹೆಮ್ಮೆಗೆ ಆಧಾರವೆಂದು ಹೇಳುವ ಪಾಠಗಳನ್ನು ನಾವು ಪೂರ್ಣವಾಗಿ ಓದಿದ್ದೇವೆಯೇ ಎಂಬುದನ್ನು ಪರಾಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಾಡಿನ ಬಗೆಗಿನ ಅಭಿಮಾನವನ್ನು ಹಗುರವಾಗಿ ಕಾಣುವ ವಿದ್ವತ್ತು ನಮ್ಮದಲ್ಲ. ಆಲೂರ ವೆಂಕಟರಾಯರು ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದಾಗ ಮುಂಬಯಿ ಪ್ರಾಂತದ ಕನ್ನಡಿಗರಿಗೆ ತಾವು ಕನ್ನಡಿಗರೆಂದು ಹೇಳಿಕೊಳ್ಳುವುದೇ ಸಂಕೋಚದ ವಿಷಯವಾಗಿತ್ತು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಓದಿದ ತಲೆಮಾರಿಗೆ ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಹೆಸರು ಹೇಳಿ ಬೆನ್ನು ನೇರಮಾಡಿದ ಪುಸ್ತಕವದು. ಆ ಹೊತ್ತಿನಲ್ಲಿ ವೈಭವವನ್ನೇ ಎತ್ತಿ ತೋರಿಸಬೇಕಾಗಿತ್ತು, ಅವರು ತೋರಿಸಿದರು. ಇಂದು ಸ್ಥಿತಿ ಬೇರೆ. ಕರ್ನಾಟಕವು ಏಕೀಕರಣಗೊಂಡು ಅರುವತ್ತು ವರ್ಷಗಳಿಗೂ ಮೇಲಾಯಿತು. ೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವೂ ಬಂದಿತು. ಈಗಲೂ ನಾವು ಆಲೂರರ ಕಾಲದ ಕೊರತೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಶಾಸನಗಳನ್ನು ಓದಿದರೆ, ಅವು ನುಡಿಯುವ ಅರ್ಧ ಮಾತು ಮಾತ್ರ ನಮ್ಮ ಕಿವಿಗೆ ಬೀಳುತ್ತದೆ.

ಕವಿರಾಜಮಾರ್ಗವನ್ನೇ ತೆಗೆದುಕೊಳ್ಳೋಣ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನು ಇದನ್ನು ರಚಿಸಿದನೆಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಕನ್ನಡದ ಸ್ವಾಭಿಮಾನದ ಮೊದಲ ಗ್ರಂಥವೆಂದು ನಾವು ತಲೆಯ ಮೇಲೆ ಹೊತ್ತಿರುವ ಈ ಕೃತಿ ಬಹುಭಾಗ ದಂಡಿಯ ಕಾವ್ಯಾದರ್ಶವನ್ನು ಅನುಸರಿಸಿದೆ. ಇದರಿಂದ ಕೃತಿಯ ಯೋಗ್ಯತೆಗೆ ಕುಂದಿಲ್ಲ. ಪರಭಾಷೆಯ ಶಾಸ್ತ್ರವನ್ನು ಮುಂದಿಟ್ಟುಕೊಂಡೇ ತನ್ನ ಭಾಷೆಯ ಸ್ವರೂಪವನ್ನು ನಿರ್ಣಯಿಸಲು ಹೊರಟ ಧೈರ್ಯ ಅದರದು. ಹೆಚ್ಚು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನಾಡಿನ ಎಲ್ಲೆಯನ್ನು ಅಷ್ಟು ನಿಶ್ಚಯವಾಗಿ ಹೇಳಿದ ಕವಿ, ಆ ನಾಡಿನ ನುಡಿಯ ಪ್ರಸ್ತಾಪ ಬಂದಾಗ ‘ಕನ್ನಡಂಗಳ್’ ಎಂದು ಬಹುವಚನವನ್ನು ಬಳಸುತ್ತಾನೆ. ದೇಸಿ ಬೇರೆ ಬೇರೆಯಾಗಿರುವುದರಿಂದ ಕನ್ನಡಗಳ ದೋಷ ಇಷ್ಟೇ ಎಂದು ನಿರ್ಣಯಿಸಲು ಸಾಸಿರ ನಾಲಗೆಯ ವಾಸುಕಿಗೂ ಬೇಸರ ಬಂದೀತೆಂದು ಅವನು ಹೇಳುವುದರಲ್ಲಿ ತಮಾಷೆಯೂ ಇದೆ, ಅನುಭವವೂ ಇದೆ. ಎಲ್ಲೆ ಒಂದು, ಅದರೊಳಗಿನ ಕನ್ನಡಗಳು ಹಲವು. ನಮ್ಮ ವೇದಿಕೆಗಳು ಮೊದಲನೆಯದನ್ನು ಕಂಠಪಾಠ ಮಾಡಿಕೊಂಡಿವೆ, ಎರಡನೆಯದನ್ನು ಬಿಟ್ಟಿವೆ.

ಪರಧರ್ಮವನ್ನು ಕುರಿತ ಪ್ರಸಿದ್ಧ ಪದ್ಯಕ್ಕೂ ಇದೇ ಗತಿ ಬಂದಿದೆ. ಅದನ್ನು ಉದಾಹರಿಸುವವರು ‘ಗೌರವ’, ‘ಸಮನ್ವಯ’ ಎಂಬ ಪದಗಳಿಂದ ಅರ್ಥ ಹೇಳುವುದುಂಟು. ಆದರೆ ಕವಿಯ ಮಾತು ‘ಸೈರಿಸು’ ಎಂಬುದು. ಸೈರಿಸುವುದೆಂದರೆ ತಾಳಿಕೊಳ್ಳುವುದು, ತಾಳಿಕೊಳ್ಳುವ ಪ್ರಸಂಗ ಬರುವುದು ಕಷ್ಟವಾದುದರ ಎದುರಿಗೆ. ಅದೂ ಸಾಲದೆಂಬಂತೆ ಕವಿ ಅದನ್ನು ಸಂಭಾವನಾರೂಪದಲ್ಲಿ ಇಟ್ಟಿದ್ದಾನೆ: ಅದಕ್ಕೆ ಶಕ್ತರಾದರೆ ಅದೇ ನಿಜವಾದ ಹೊನ್ನು. ಶಕ್ತರಾಗಿದ್ದೇವೆಂದು ಅವನು ಹೇಳಿಲ್ಲ. ಪದ್ಯ ನಾಡಿನ ಸ್ಥಿತಿಯ ವರ್ಣನೆಯಲ್ಲ, ಜನರ ಮುಂದಿಟ್ಟ ಒಂದು ಕಠಿಣವಾದ ಅಪೇಕ್ಷೆ. ನಾವು ಅದನ್ನು ಪ್ರಶಸ್ತಿಪತ್ರವಾಗಿ ಮಾಡಿಕೊಂಡಿದ್ದೇವೆ.

ಅದೇ ಕವಿ ತಿರುಳ್ಗನ್ನಡದ ನೆಲೆಯೆಂದು ಹೆಸರಿಸುವ ನಾಲ್ಕು ಊರುಗಳಿಗೆ ಒಮ್ಮೆ ಹೋಗಿಬಂದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕಿಸುವೊಳಲ್ ಎಂದರೆ ಇಂದಿನ ಪಟ್ಟದಕಲ್ಲು. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ದ್ರಾವಿಡ ಶೈಲಿಯದು. ಅದರ ಸನಿಹದಲ್ಲಿಯೇ ಉತ್ತರದೇಶದ ರೇಖಾಶಿಖರವನ್ನು ಹೊತ್ತ ಗಳಗನಾಥ ನಿಂತಿದೆ. ಊರಾಚೆ ರಾಷ್ಟ್ರಕೂಟರ ಕಾಲದ ಜಿನಾಲಯವಿದೆ. ಗಂಗಾನದಿಯ ಉತ್ತರ ತೀರದಿಂದ ಬಂದ ಜ್ಞಾನಶಿವಾಚಾರ್ಯರೆಂಬವರು ಎರಡನೆಯ ಕೀರ್ತಿವರ್ಮನ ಕಾಲದಲ್ಲಿ ಅಲ್ಲಿ ಒಂದು ಕಂಬವನ್ನು ನಿಲ್ಲಿಸಿದರು. ಅದರ ಸಂಸ್ಕೃತ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ಉತ್ತರದ ಲಿಪಿಯಲ್ಲಿಯೂ ಕೆತ್ತಿಸಲಾಗಿದೆ. ಕಂಚಿಯನ್ನು ಗೆದ್ದ ಅದೇ ವಿಕ್ರಮಾದಿತ್ಯನು ಅಲ್ಲಿಯ ಕೈಲಾಸನಾಥನ ಐಶ್ವರ್ಯವನ್ನು ನೋಡಿ, ಅದನ್ನು ಕೊಳ್ಳೆಹೊಡೆಯದೆ ದೇವರಿಗೇ ಮರಳಿ ಬಿಟ್ಟುಕೊಟ್ಟನೆಂದು ಆ ದೇವಾಲಯದ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ್ದಾನೆ. ತಮಿಳು ನಾಡಿನ ನಡುವೆ ಇರುವ ಆ ಕನ್ನಡ ಶಾಸನವನ್ನು ನಮ್ಮ ವಿಜಯದ ಗುರುತೆಂದು ಹೇಳುವವರು ಅದರಲ್ಲಿ ದಾಖಲಾಗಿರುವುದು ಒಂದು ಸಂಯಮವೆಂಬುದನ್ನು ಮರೆಯಬಾರದು.

ಕೊಪಣವೆಂದರೆ ಕೊಪ್ಪಳ. ಜೈನರ ಮಹಾತೀರ್ಥವಾಗಿದ್ದ ಆ ಊರಿನ ಗವಿಮಠದ ಬಂಡೆಯ ಮೇಲೆ ಅಶೋಕನ ಪ್ರಾಕೃತ ಶಾಸನವಿದೆ. ಬೌದ್ಧ ಚಕ್ರವರ್ತಿಯ ಬರಹ, ವೀರಶೈವ ಮಠದ ನೆಲ. ಪುಲಿಗೆರೆಯೆಂದರೆ ಲಕ್ಷ್ಮೇಶ್ವರ; ಅದರ ಬಸದಿಗಳ ಮಾತು ಮುಂದೆ ಬರುತ್ತದೆ. ಒಕ್ಕುಂದ ಇಂದಿನ ಬೆಳಗಾವಿ ಜಿಲ್ಲೆಯಲ್ಲಿದೆ. ಹೀಗೆ ಕನ್ನಡದ ತಿರುಳೆಂದು ಕವಿ ಗುರುತಿಸಿದ ನೆಲದಲ್ಲಿ ಕೈಯಿಟ್ಟ ಕಡೆಯಲ್ಲೆಲ್ಲ ಬೇರೆಯವರ ಗುರುತೂ ಸಿಕ್ಕುತ್ತದೆ. ತಿರುಳೆಂದರೆ ಸೋಂಕಿಲ್ಲದ್ದು ಎಂಬ ಅರ್ಥವನ್ನು ಶ್ರೀವಿಜಯನು ಇಟ್ಟುಕೊಂಡಿದ್ದಿರಲಾರದು.

ಭಾಷೆಯ ಹೆಮ್ಮೆಗಳು ಪರಸ್ಪರ ತಾಕಲಾಡುವ ಸ್ಥಳವೊಂದು ಶ್ರವಣಬೆಳಗೊಳದ ದೊಡ್ಡಬೆಟ್ಟ. ಗೊಮ್ಮಟೇಶ್ವರನ ಪಾದದ ಇಕ್ಕೆಲಗಳಲ್ಲಿ, ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂದೂ ಸುತ್ತಾಲಯವನ್ನು ಮಾಡಿಸಿದವನು ಗಂಗರಾಜನೆಂದೂ ಚಿಕ್ಕ ಚಿಕ್ಕ ಸಾಲುಗಳಿವೆ. ಕನ್ನಡದಲ್ಲಿ, ತಮಿಳಿನಲ್ಲಿ, ನಾಗರಿ ಲಿಪಿಯ ಮರಾಠಿಯಲ್ಲಿ ಅದೇ ಸಂಗತಿಯನ್ನು ಬರೆಸಿದ್ದಾರೆ. ಆ ಮರಾಠಿ ಸಾಲನ್ನು ಬಹುಕಾಲ ಮರಾಠಿಯ ಮೊತ್ತಮೊದಲ ಶಾಸನವೆಂದು ಕರೆಯಲಾಗುತ್ತಿತ್ತು. ಅಲಿಬಾಗದ ಸಮೀಪದ ಅಕ್ಷಿಯ ಶಿಲಾಲೇಖ ೧೦೧೨ರದೆಂಬ ವಾದ ಬಂದ ಮೇಲೆ ಆ ಪಟ್ಟ ಚರ್ಚೆಗೆ ಒಳಗಾಯಿತು. ಕೊಂಕಣಿಗರಲ್ಲಿಯೂ ಆ ಸಾಲು ತಮ್ಮ ನುಡಿಯದೆಂದು ಸಾಧಿಸುವವರಿದ್ದಾರೆ. ಯಾರ ಮೊದಲ ಶಾಸನ ಎಂಬ ಈ ವಾದದಲ್ಲಿ ಮರೆತುಹೋಗುವ ಪ್ರಶ್ನೆಯೆಂದರೆ, ಆ ಸಾಲನ್ನು ಅಲ್ಲಿ ಬರೆಸಿದ್ದಾದರೂ ಏಕೆ ಎಂಬುದು. ಕನ್ನಡದ ದಂಡನಾಯಕನ ಹೆಸರನ್ನು ತಮಿಳರೂ ಮರಾಠಿಗರೂ ತಮ್ಮ ತಮ್ಮ ನುಡಿಯಲ್ಲಿ ಓದಿಕೊಳ್ಳಲಿ ಎಂದಲ್ಲದೆ ಮತ್ತೇಕೆ? ಬೆಟ್ಟವೇರಿ ಬಂದ ಯಾತ್ರಿಕನನ್ನು ಎಣಿಕೆಯಲ್ಲಿಟ್ಟುಕೊಂಡ ಬರಹವದು. ಮಹಾಜನ ಆಯೋಗದ ೧೯೬೭ರ ವರದಿಯ ತರುವಾಯವೂ ಮುಗಿಯದ ಗಡಿಯ ವ್ಯಾಜ್ಯದಲ್ಲಿ ಎರಡೂ ಪಕ್ಷದವರು ಶಾಸನಗಳನ್ನು ಸಾಕ್ಷಿಗೆ ಕರೆಯುವುದುಂಟು. ಶಾಸನಗಳು ಸಾಕ್ಷಿ ಹೇಳುವುದೇನೋ ನಿಜ. ಆದರೆ ಕರೆದವರಿಗೆ ಅನುಕೂಲವಾಗಿಯೇ ಹೇಳುತ್ತವೆಂದು ನಂಬುವಂತಿಲ್ಲ.

ಇನ್ನು ಧರ್ಮಸಹಿಷ್ಣುತೆಯ ಹೆಮ್ಮೆಗೆ ಬರೋಣ. ಇದಕ್ಕೆ ಎಲ್ಲರೂ ಉದಾಹರಿಸುವುದು ಅದೇ ಶ್ರವಣಬೆಳಗೊಳದಲ್ಲಿರುವ, ಕ್ರಿ.ಶ. ೧೩೬೮ರ ವಿಜಯನಗರದ ಬುಕ್ಕರಾಯನ ಶಾಸನವನ್ನು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನೆಂಬ ಚಿತ್ರ ಎಂಥವರ ಮನಸ್ಸನ್ನೂ ಮುಟ್ಟುವಂಥದು. ಉತ್ಸವಗಳ ಸ್ಮರಣಸಂಚಿಕೆಗಳಲ್ಲಿ ಈ ಚಿತ್ರವನ್ನು ನಾವು ಎಷ್ಟೋ ಸಲ ಓದಿದ್ದೇವೆ, ಒಂದೆರಡು ಸಲ ನಾವೇ ಬರೆದದ್ದೂ ಉಂಟು. ಆದರೆ ಶಾಸನ ಆರಂಭವಾಗುವುದು ಆ ಚಿತ್ರದಿಂದ ಅಲ್ಲ. ರಾಮಾನುಜರ ಸ್ತುತಿಯಾದ ಮೇಲೆ ಬರುವುದು ಜೈನರಿಗೂ ಭಕ್ತರಿಗೂ ಉಂಟಾದ ವಿವಾದ. ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಮೊದಲಾದ ನಾಡುಗಳ ಭವ್ಯಜನರು ಭಕ್ತರಿಂದ ತಮಗಾಗುತ್ತಿರುವ ಅನ್ಯಾಯಗಳನ್ನು ಅರಸನಿಗೆ ಬಿನ್ನವಿಸಿಕೊಂಡರೆಂದು ಶಾಸನ ಹೇಳುತ್ತದೆ. ಎಂದರೆ ಸೌಹಾರ್ದದ ಈ ಮಹಾಪತ್ರ ಹುಟ್ಟಿದ್ದು ಒಂದು ದೂರಿನಿಂದ. ದೂರು ಕೊಟ್ಟವರು ಒಂದು ಊರಿನವರಲ್ಲ. ಆನೆಯಗೊಂದಿಯಿಂದ ಪೆನುಗೊಂಡೆಯವರೆಗಿನ ಜೈನರೆಲ್ಲ ಸೇರಿ ಬರಬೇಕಾಗಿದ್ದರೆ ಅನ್ಯಾಯ ಎಷ್ಟು ವ್ಯಾಪಕವಾಗಿತ್ತೆಂಬುದನ್ನು ಊಹಿಸಬಹುದು.

ಎದುರಿಗೆ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನು ಮೊದಲು ಮಾಡಿ ಹದಿನೆಂಟು ನಾಡಿನ ಶ್ರೀವೈಷ್ಣವರು ನೆರೆದಿದ್ದರು. ತಿರುಕುಲದವರೂ ಜಾಂಬವಕುಲದವರೂ ಆ ಸಮೂಹದಲ್ಲಿ ಹೆಸರಿಸಲ್ಪಟ್ಟಿದ್ದಾರೆಂಬುದನ್ನು ಸಾಮಾಜಿಕ ಚರಿತ್ರೆ ಬರೆಯುವವರು ಇನ್ನಷ್ಟು ಗಮನಿಸಬೇಕು. ಅರಸನ ತೀರ್ಪು ಸದ್ಭಾವನೆಯ ಉಪದೇಶವಾಗಿ ನಿಲ್ಲಲಿಲ್ಲ. ಜೈನ ದರ್ಶನಕ್ಕೆ ಹಿಂದಿನಂತೆ ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಸಲ್ಲಬೇಕು. ಅದಕ್ಕೆ ಬರುವ ಹಾನಿಯನ್ನೂ ವೃದ್ಧಿಯನ್ನೂ ವೈಷ್ಣವರು ತಮ್ಮದೆಂದೇ ಭಾವಿಸಬೇಕು. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಕೊಡಬೇಕು; ಅದನ್ನು ತಿರುಮಲೆಯ ತಾತಯ್ಯ ಎತ್ತಿ, ಬೆಳುಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಟ್ಟು, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕು. ಇಲ್ಲಿ ಎರಡು ಸಂಗತಿಗಳು ನಮ್ಮನ್ನು ತಡೆದು ನಿಲ್ಲಿಸುತ್ತವೆ. ಜಿನಾಲಯದ ಕಾವಲಿನ ಹೊಣೆ ವೈಷ್ಣವನ ಮೇಲೆ ಬಿದ್ದಿದೆ. ಅರಸನ ಸೂಕ್ಷ್ಮಬುದ್ಧಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆದರೆ ಕಾವಲಿನ ಖರ್ಚು ಬಿದ್ದಿರುವುದು ಅನ್ಯಾಯಕ್ಕೆ ಒಳಗಾದವರ ಮೇಲೆಯೇ. ಮನೆಗೆ ಒಂದು ಹಣ ತೆತ್ತು ಅವರು ತಮ್ಮ ನೆಮ್ಮದಿಯನ್ನು ಪಡೆದರು. ಇಪ್ಪತ್ತು ಆಳುಗಳು ಬೇಕಾದ ಸೌಹಾರ್ದವನ್ನು ಸ್ವಭಾವಸಿದ್ಧವಾದ ಸಹಿಷ್ಣುತೆ ಎಂದು ಹೇಗೆ ಕರೆಯುವುದು?

ಇದನ್ನು ಹೇಳಿದ ಮಾತ್ರಕ್ಕೆ ಬುಕ್ಕರಾಯನ ಕಾರ್ಯ ಸಣ್ಣದೆಂದು ಅರ್ಥವಲ್ಲ. ದೊಡ್ಡ ಪಕ್ಷದ ಕೈಯಿಂದ ಸಣ್ಣ ಪಕ್ಷಕ್ಕೆ ಮಾತು ಕೊಡಿಸಿ, ಅದನ್ನು ಬಸದಿಗಳಲ್ಲಿ ಕಲ್ಲಿಗೆ ಹಾಕಿಸಿ, ತಪ್ಪಿದವನನ್ನು ರಾಜದ್ರೋಹಿಯೆಂದು ಸಾರಿದ ಆಡಳಿತ ಅಂದಿನ ಲೋಕದಲ್ಲಿ ಅಪರೂಪವೇ. ಶಾಸನಕ್ಕೆ ಆಮೇಲೆ ಸೇರಿದ ಸಾಲುಗಳಲ್ಲಿ ಕಲ್ಲೆಹದ ಬುಸುವಿಸೆಟ್ಟಿ ಎಂಬವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಿದನೆಂದೂ ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಇದೆ. ನಮ್ಮ ಅಭಿಮಾನಕ್ಕೆ ನಿಜವಾದ ಪಾತ್ರ ಈ ಸೆಟ್ಟಿಯೆಂದು ನಮಗೆ ತೋರುತ್ತದೆ. ಅರಸನು ಒಮ್ಮೆ ತೀರ್ಪು ಕೊಟ್ಟ; ಅದು ಕಲ್ಲಿನ ಮೇಲೆಯೇ ಉಳಿದುಹೋಗದಂತೆ ಓಡಾಡಿದವನು ಇವನು.

ಹಾಗಾದರೆ ದೂರಿಗೆ ಕಿವಿಗೊಡದ ಪ್ರಸಂಗಗಳು ಇರಲಿಲ್ಲವೇ? ಇದ್ದವು. ಅಂಥದೊಂದು ನಮ್ಮ ಮನೆಯದೇ ಆದುದರಿಂದ ಅದನ್ನು ಬಿಟ್ಟು ಪರರ ವಿಷಯವನ್ನೇ ಬರೆದರೆ ವಿಮರ್ಶೆ ಪ್ರಾಮಾಣಿಕವಾಗದು. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನ ಸುಮಾರು ಕ್ರಿ.ಶ. ೧೨೦೦ರದು, ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಅದನ್ನು ಸಂಪಾದಿಸಿದರು. ಏಕಾಂತದ ರಾಮಯ್ಯನು ಜೈನರೊಡನೆ ಪಂಥಕಟ್ಟಿ ತನ್ನ ತಲೆಯನ್ನರಿದು, ಏಳನೆಯ ದಿನ ಅದನ್ನು ಮರಳಿ ಪಡೆದನೆಂದೂ, ಜೈನರು ಮಾತಿಗೆ ತಪ್ಪಿದಾಗ ಜಿನಮೂರ್ತಿಯನ್ನು ಕೆಡವಿದನೆಂದೂ ಅದರಲ್ಲಿದೆ. ಜೈನರು ಬಿಜ್ಜಳನಿಗೆ ದೂರಿತ್ತರು. ರಾಮಯ್ಯನು ಮತ್ತೊಮ್ಮೆ ತಲೆಯನ್ನರಿಯಲು ಸಿದ್ಧನಾಗಿ, ಪುಲಿಗೆರೆಯ ಆನೆಸೆಜ್ಜೆಯ ಬಸದಿ ಮೊದಲಾದ ಎಂಟುನೂರು ಬಸದಿಗಳನ್ನು ಪಣಕ್ಕೆ ಒಡ್ಡಿರೆಂದನು. ಜೈನರು ಒಪ್ಪಲಿಲ್ಲ. ಪುರಾಣಗಳು ಜೈನನೆಂದು ಹೇಳುವ ಬಿಜ್ಜಳನು ಅವರನ್ನು ಸುಮ್ಮನಿರಿಸಿ ಕಳುಹಿಸಿ, ರಾಮಯ್ಯನಿಗೆ ಜಯಪತ್ರವನ್ನಿತ್ತನು. ಹರಿಹರನ ರಗಳೆಯಲ್ಲಿಯೂ ಈ ಕಥೆ ಭಕ್ತಿಯ ಆವೇಶದಿಂದ ಬಂದಿದೆ. ಪುಲಿಗೆರೆಯ ಬಸದಿಯಲ್ಲಿ ಸೋಮನಾಥನನ್ನು ನೆಲೆಗೊಳಿಸಿದ ಆದಯ್ಯನ ಕಥೆಯನ್ನು ರಾಘವಾಂಕನು ‘ಸೋಮನಾಥಚಾರಿತ್ರ’ದಲ್ಲಿ ಹೇಳಿದ್ದಾನೆ.

ಅಬ್ಬಲೂರಿಗೆ ಹೋದವರು ಶಾಸನದ ಕಥೆಯನ್ನೇ ಕಲ್ಲಿನಲ್ಲಿ ಕಡೆದ ಶಿಲ್ಪಗಳನ್ನೂ ಅವುಗಳ ಕಿರುಬರಹಗಳನ್ನೂ ಕಾಣಬಹುದು. ನಾವು ಹೋದಾಗ ಜೊತೆಗೆ ಬಂದ ಊರಿನ ಹಿರಿಯರೊಬ್ಬರು ತಲೆಯನ್ನರಿದ ಪ್ರಸಂಗವನ್ನು ಸಂಭ್ರಮದಿಂದ ವಿವರಿಸಿದರು. ಮೂರ್ತಿಭಂಜನದ ಶಿಲ್ಪದ ಮುಂದೆ ಮಾತ್ರ ಅವರ ಮಾತು ತಗ್ಗಿತು. ‘ಆವಾಗಿನ ಕಾಲ ಹಂಗಿತ್ರಿ’ ಎಂದು ಮುಂದೆ ನಡೆದರು. ನಮ್ಮ ವಿದ್ವಾಂಸರಲ್ಲಿ ಅನೇಕರು ಮಾಡಿರುವುದೂ ಹೆಚ್ಚುಕಡಮೆ ಅಷ್ಟೇ. ತಲೆ ಮರಳಿ ಬಂದುದನ್ನು ಪವಾಡವೆಂದು ಬಿಟ್ಟು, ಅದರೊಡನೆ ಬಸದಿಯ ಸಂಗತಿಯನ್ನೂ ಕವಿಕಲ್ಪನೆಗೆ ಸೇರಿಸಿಬಿಡುವುದು. ದಾನದತ್ತಿಗಳನ್ನೂ ಜಯಪತ್ರವನ್ನೂ ಮಾತ್ರ ಚರಿತ್ರೆಯೆಂದು ಉಳಿಸಿಕೊಳ್ಳುವುದು. ಒಂದೇ ಕಲ್ಲಿನ ಒಂದು ಸಾಲು ಇತಿಹಾಸ, ಮುಂದಿನ ಸಾಲು ಅಲಂಕಾರ ಎನ್ನಲು ಯಾವ ಶಾಸ್ತ್ರದ ಅಪ್ಪಣೆಯಿದೆ? ಕಲ್ಲನ್ನು ಬರೆಸಿದವರು ಗೆದ್ದವರು. ಜೈನರು ಅದರಲ್ಲಿ ಆಡುವ ಮಾತೂ ಗೆದ್ದವರು ಆಡಿಸಿದ ಮಾತು. ಬರೆಸಿದವರಿಗೆ ಆ ಕಾರ್ಯದಲ್ಲಿ ನಾಚಿಕೆಯೂ ಇರಲಿಲ್ಲ. ನಾಚಿಕೆ ನಮ್ಮದು, ಅದು ಇರುವುದು ಲೇಸೇ. ಆದರೆ ನಾಚಿಕೆಯಿಂದ ಪಾಠವನ್ನು ತಿದ್ದುವಂತಿಲ್ಲ.

ಇದರಿಂದ ಒಮ್ಮೆಗೇ ವಿರುದ್ಧ ದಿಕ್ಕಿಗೆ ಹಾರುವವರೂ ಇದ್ದಾರೆ. ನಾಡಿನ ಚರಿತ್ರೆಯೆಲ್ಲ ಮತಗಳ ಕಾದಾಟ, ಸೌಹಾರ್ದವೆಂಬುದು ಏಕೀಕರಣದ ಕಾಲದವರು ಕಟ್ಟಿದ ಕಥೆ ಎಂಬುದು ಅವರ ವಾದ. ಇದೂ ಅರ್ಧಪಾಠವೇ. ಬುಕ್ಕರಾಯನ ಶಾಸನವಾದ ಮರುವರ್ಷ, ಎಂದರೆ ೧೩೬೯ರಲ್ಲಿ, ಭೀಮಕವಿ ಬಸವಪುರಾಣವನ್ನು ಕನ್ನಡದಲ್ಲಿ ಬರೆದು ಮುಗಿಸಿದನು. ಅವನಿಗೆ ಆಧಾರ ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿ. ಬಸವಣ್ಣನ ಚರಿತೆ ಪುರಾಣವಾಗಿ ಕನ್ನಡಕ್ಕೆ ಬಂದುದು ತೆಲುಗಿನ ಮಾರ್ಗವಾಗಿ. ಮುಂದೆ ಮನ್ಮಥಸ್ವಾಮಿಗಳು ‘ಪರಮರಹಸ್ಯ’ವನ್ನು ಬರೆದುದು ಮರಾಠಿಯಲ್ಲಿ. ಸಿದ್ಧರಾಮನ ಸೊನ್ನಲಿಗೆ ಇಂದು ಮಹಾರಾಷ್ಟ್ರದ ಸೊಲ್ಲಾಪುರ. ಅಲ್ಲಿಯ ಸಂಕ್ರಾಂತಿಯ ಜಾತ್ರೆಯಲ್ಲಿ ಮೂರು ಭಾಷೆಯ ಜನ ಸೇರುತ್ತಾರೆ. ಕಾದಾಟವೊಂದೇ ಚರಿತ್ರೆಯಾಗಿದ್ದರೆ ಇವು ಉಳಿಯುತ್ತಿರಲಿಲ್ಲ.

ಅಬ್ಬಲೂರಿನ ಕಲ್ಲಿಗೆ ಎದುರಾಗಿ ಇಟ್ಟು ಓದಬೇಕಾದ ಇನ್ನೊಂದು ಶಾಸನ ನಮ್ಮಲ್ಲಿಯೇ ಇದೆ; ಅದು ಪಂಡಿತರ ವಲಯದ ಹೊರಗೆ ಅಷ್ಟಾಗಿ ಪರಿಚಿತವಲ್ಲ. ಕ್ರಿ.ಶ. ೧೬೩೮ರ ಹಳೇಬೀಡಿನ ಶಾಸನವದು. ಬೇಲೂರಿನ ವೆಂಕಟಾದ್ರಿ ನಾಯಕನ ಕಾಲದಲ್ಲಿ ಹುಚ್ಚಪ್ಪದೇವರೆಂಬ ವೀರಶೈವರು ಅಲ್ಲಿಯ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದರು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಮತ್ತೊಂದು ಅಬ್ಬಲೂರು ಆಗಲು ಇಷ್ಟು ಸಾಕಾಗಿತ್ತು. ಆದರೆ ಜೈನರ ಬಿನ್ನಹವನ್ನು ಈ ಸಲ ವೀರಶೈವರ ಮಹಾಮಹತ್ತೇ ಕೇಳಿಕೊಂಡಿತು. ಬಸದಿಯ ಪೂಜೆ ಪುನಸ್ಕಾರಗಳನ್ನು ಜೈನರು ಪೂರ್ವಮರ್ಯಾದೆಯಂತೆ ಆಚಂದ್ರಾರ್ಕವಾಗಿ ನಡೆಸಿಕೊಂಡು ಬರಲಿ ಎಂದು ಗೊತ್ತುಮಾಡಿತು. ಈ ಜಿನಧರ್ಮಕ್ಕೆ ಅಡ್ಡಿಮಾಡಿದವನು ಮಹತ್ತಿನ ಪಾದಕ್ಕೆ ಹೊರಗು, ಶಿವದ್ರೋಹಿ, ಜಂಗಮದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ತಪ್ಪಿದವನು ಎಂದು ತನ್ನವರಿಗೇ ಶಾಪವಿಟ್ಟು ಒಪ್ಪವನ್ನು ಹಾಕಿತು. ಬಸದಿಯ ರಕ್ಷಣೆಗೆ ವಿಭೂತಿ ರುದ್ರಾಕ್ಷಿಗಳ ಆಣೆಯನ್ನಿಟ್ಟ ಶಾಸನವನ್ನು ಬೇರೆಲ್ಲಿಯೂ ನಾವು ಓದಿಲ್ಲ. ನಮ್ಮ ಉತ್ಸವಗಳಲ್ಲಿ ಇದನ್ನು ಯಾರಾದರೂ ಉದಾಹರಿಸಿದ್ದನ್ನೂ ಕೇಳಿಲ್ಲ.

ಇದನ್ನಾದರೂ ಪೂರ್ಣವಾಗಿ ಓದಬೇಕು. ಆ ಒಪ್ಪಂದಕ್ಕೆ ಒಂದು ನಿಬಂಧನೆಯಿತ್ತು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಕೊಡಿಸಬೇಕು, ಅನಂತರ ತಮ್ಮ ದೇವರ ಪೂಜೆಗೆ ತೊಡಗಬೇಕು. ಕಂಬದ ಮೇಲಿನ ಲಿಂಗಮುದ್ರೆ ಅಳಿಸಿಹೋಯಿತು. ಆದರೆ ಪಾರ್ಶ್ವನಾಥನ ಪೂಜೆಗೆ ಮುಂಚೆ ವಿಭೂತಿಯ ತಟ್ಟೆ ಬಂದು ನಿಂತಿತು. ಬುಕ್ಕರಾಯನ ಕಾಲದಲ್ಲಿ ಮನೆಗೆ ಒಂದು ಹಣ ತೆತ್ತವರ ವಂಶದವರು ಹಳೇಬೀಡಿನಲ್ಲಿ ಅದನ್ನೂ ಸೈರಿಸಿದರು.